ಕೂಡಿಸುವುದು ಎಲ್ಲಿ ನಡೆಯುತ್ತದೆ?

ಎರಡೇ ಸ್ಥಿತಿಗಳಿರುವ ಒಂದು ಟ್ಯೂರಿಂಗ್ ಯಂತ್ರ (ಲೆಕ್ಕ ಮಾಡುವುದನ್ನು ಅರಿಯಲು ಕಲ್ಪಿಸಿಕೊಂಡ, ಕಾಗದದ ಮೇಲಿನ ಯಂತ್ರ) ಯಾವ ಎರಡು ಸಂಖ್ಯೆಗಳನ್ನು ಕೊಟ್ಟರೂ ಕೂಡಿಸುತ್ತದೆ. ಈ ಮಾತನ್ನು ಹೇಳುವುದು ಸುಲಭ, ಕರಿಹಲಗೆಯ ಮೇಲೆ ತೋರಿಸುವುದು ಇನ್ನೂ ಸುಲಭ. ಆದರೆ ತೋರಿಸಿ ಮುಗಿಸಿದ ಮೇಲೆ ನನ್ನೊಳಗೆ ಏನೋ ಒಂದು ಬಗೆಹರಿಯದೆ ಉಳಿದುಬಿಡುತ್ತದೆ. ನಿಯಮಗಳೆಲ್ಲ ಕಣ್ಣೆದುರಿಗಿವೆ, ಹೆಜ್ಜೆಗಳೆಲ್ಲ ಕಣ್ಣೆದುರಿಗಿವೆ, ಬಂದ ಉತ್ತರವೂ ಸರಿಯಾಗಿದೆ. ಆದರೂ ಇಷ್ಟು ಹೆಜ್ಜೆಗಳಲ್ಲಿ ಸಂಕಲನ ನಡೆದದ್ದು ಇಲ್ಲಿಯೇ ಎಂದು ತೋರಿಸಲು ಹೋದರೆ ಬೆರಳು ಎಲ್ಲಿಯೂ ನಿಲ್ಲುವುದಿಲ್ಲ.

ಆ ಯಂತ್ರವನ್ನು ಮೊದಲು ವಿವರಿಸುತ್ತೇನೆ. ಚೌಕಗಳಾಗಿ ವಿಂಗಡಿಸಿದ ಕೊನೆಯಿಲ್ಲದ ಟೇಪು, ಒಂದು ಸಲಕ್ಕೆ ಒಂದೇ ಚೌಕವನ್ನು ಕಾಣಬಲ್ಲ ಹೆಡ್, ಮತ್ತು ನಿಯಮಗಳ ಒಂದು ಕೋಷ್ಟಕ. ಇದಿಷ್ಟೇ ಅದರ ಸಾಮಗ್ರಿ. ಸಂಖ್ಯೆಗಳನ್ನು ಗೀಟುಗಳಲ್ಲಿ ಬರೆಯೋಣ: ಮೂರಕ್ಕೆ ಮೂರು ಗೀಟು, ಎರಡಕ್ಕೆ ಎರಡು ಗೀಟು, ನಡುವೆ ಒಂದು ಖಾಲಿ ಚೌಕ. ಟೇಪು ಹೀಗೆ ಕಾಣುತ್ತದೆ:

| | | _ | |

ಹೆಡ್ ಎಡತುದಿಯ ಗೀಟಿನ ಮೇಲಿದೆ, ಯಂತ್ರ ‘ಅ’ ಎಂಬ ಸ್ಥಿತಿಯಲ್ಲಿದೆ. ‘ಅ’ ಸ್ಥಿತಿಯಲ್ಲಿ ಗೀಟು ಕಂಡರೆ ಅದನ್ನು ಅಳಿಸಿ, ಒಂದು ಚೌಕ ಬಲಕ್ಕೆ ಸರಿದು, ‘ಬ’ ಸ್ಥಿತಿಗೆ ಹೋಗಬೇಕು. ‘ಬ’ ಸ್ಥಿತಿಯಲ್ಲಿ ಗೀಟು ಕಂಡರೆ ಅದನ್ನು ಮುಟ್ಟದೆ ಬಲಕ್ಕೆ ಸರಿಯಬೇಕು; ಖಾಲಿ ಚೌಕ ಕಂಡರೆ ಅಲ್ಲಿ ಒಂದು ಗೀಟು ಬರೆದು ನಿಲ್ಲಬೇಕು. (ಮೊದಲ ಸಂಖ್ಯೆ ಸೊನ್ನೆಯಾಗಿದ್ದರೆ ‘ಅ’ ಸ್ಥಿತಿಯಲ್ಲಿಯೇ ಖಾಲಿ ಚೌಕ ಎದುರಾಗುತ್ತದೆ, ಆಗ ಏನೂ ಮಾಡದೆ ನಿಂತರೆ ಸಾಕು.) ಮೂರು ಮತ್ತು ಎರಡನ್ನು ಕೂಡಿಸಲು ನಾಲ್ಕು ಹೆಜ್ಜೆಗಳು ಸಾಕಾಗುತ್ತವೆ. ಎಡತುದಿಯ ಗೀಟು ಅಳಿಯುತ್ತದೆ, ಹೆಡ್ ಎರಡು ಗೀಟುಗಳನ್ನು ದಾಟುತ್ತದೆ, ನಡುವಿನ ಖಾಲಿ ಚೌಕದಲ್ಲಿ ಗೀಟು ಮೂಡುತ್ತದೆ. ಈಗ ಟೇಪಿನ ಮೇಲೆ ಐದು ಗೀಟುಗಳು ಒತ್ತಾಗಿ ನಿಂತಿವೆ.

ಒಮ್ಮೆ ತರಗತಿಯಲ್ಲಿ ಇದನ್ನು ಬರೆದು ಮುಗಿಸಿ ಚಾಕ್‌ಪೀಸನ್ನು ಕೆಳಗಿಡುವಷ್ಟರಲ್ಲಿ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತಳು. “ಸರ್, ಇದು ಎರಡನೆಯ ಸಂಖ್ಯೆಯನ್ನು ನೋಡಲೇ ಇಲ್ಲವಲ್ಲ. ನೋಡದೆ ಕೂಡಿಸಿತು ಎಂದು ಹೇಗೆ ಹೇಳುವುದು?” ಎಂದು ಕೇಳಿದಳು. ಅವಳು ಹೇಳಿದ್ದು ನಿಜ. ಹೆಡ್ ಖಾಲಿ ಚೌಕದವರೆಗೆ ಮಾತ್ರ ಹೋಗುತ್ತದೆ. ಅದರಾಚೆ ಎರಡು ಗೀಟುಗಳಿವೆಯೋ ಎರಡು ಕೋಟಿ ಗೀಟುಗಳಿವೆಯೋ ಯಂತ್ರಕ್ಕೆ ಗೊತ್ತಾಗುವ ದಾರಿಯೇ ಇಲ್ಲ. “ಕೊನೆಯಲ್ಲಿ ಐದು ಗೀಟುಗಳಿವೆಯಲ್ಲಮ್ಮ” ಎಂದೆ. “ಇವೆ ಸರ್. ಆದರೆ ಅವು ಐದು ಎಂದು ಎಣಿಸಿದ್ದು ನಾವು” ಎಂದಳು. ತರಗತಿಯ ಅವಧಿ ಮುಗಿದಿತ್ತು, ಎಲ್ಲರೂ ಹೊರಟರು. ಆ ಪ್ರಶ್ನೆಯನ್ನು ಗೌರವದಿಂದ ಎದುರಿಸಬೇಕೆಂದು ಅಂದೇ ಅನ್ನಿಸಿತು. ಇಲ್ಲಿ ಮಾಡುತ್ತಿರುವುದು ಆ ಪ್ರಯತ್ನವನ್ನೇ.

ಬರೆದಾಗಲೇ ಮುಗಿದ ಕೆಲಸ

ಗೀಟುಗಳಲ್ಲಿ ಬರೆದ ಎರಡು ಸಂಖ್ಯೆಗಳನ್ನು ಅಕ್ಕಪಕ್ಕದಲ್ಲಿ ಇಟ್ಟ ಕ್ಷಣದಲ್ಲಿಯೇ ಅವುಗಳ ಮೊತ್ತ ಟೇಪಿನ ಮೇಲೆ ಇದೆ. ನಡುವಿನ ಒಂದು ಬಿರುಕು ಮಾತ್ರ ಅದನ್ನು ಒಂದು ಸಂಖ್ಯೆಯಾಗಿ ಓದಲು ಬಿಡುತ್ತಿಲ್ಲ. ಯಂತ್ರ ಮಾಡುವುದು ಆ ಬಿರುಕನ್ನು ಎಡತುದಿಗೆ ಸಾಗಿಸುವ ಕೆಲಸವನ್ನು. ಹಾಗಾಗಿ ಅದಕ್ಕೆ ಬೇಕಾಗುವ ಹೆಜ್ಜೆಗಳು ಮೊದಲ ಸಂಖ್ಯೆಗಿಂತ ಒಂದು ಹೆಚ್ಚು, ಅಷ್ಟೇ. ಮೂರಕ್ಕೆ ಎರಡನ್ನು ಕೂಡಿಸಲು ನಾಲ್ಕು ಹೆಜ್ಜೆ, ಎರಡಕ್ಕೆ ಮೂರನ್ನು ಕೂಡಿಸಲು ಮೂರೇ ಹೆಜ್ಜೆ. ಮೊತ್ತ ಒಂದೇ ಆಗಿದ್ದರೂ ಅದನ್ನು ತಲುಪುವ ದಾರಿಯ ಉದ್ದ ಬೇರೆ ಬೇರೆಯಾಗಿದೆ. ಸಂಕಲನದಲ್ಲಿ ಸಂಖ್ಯೆಗಳ ಕ್ರಮ ಮುಖ್ಯವಲ್ಲ ಎಂಬ ನಿಯಮ ಮೊತ್ತಕ್ಕೆ ಅನ್ವಯಿಸುತ್ತದೆಯೇ ಹೊರತು ಯಂತ್ರದ ದುಡಿಮೆಗೆ ಅನ್ವಯಿಸುವುದಿಲ್ಲ.

ಇದರಿಂದ ನನಗೆ ಒಂದು ವಿಷಯ ಖಚಿತವಾಯಿತು. ಯಾವುದೇ ಲೆಕ್ಕದ ಭಾರವನ್ನು ಸಂಖ್ಯೆಯನ್ನು ಬರೆಯುವ ರೀತಿ ಮತ್ತು ಯಂತ್ರದ ನಿಯಮಗಳು ಹಂಚಿಕೊಂಡು ಹೊರುತ್ತವೆ. ಗೀಟುಗಳ ಬರವಣಿಗೆ ಬಹುಪಾಲು ಭಾರವನ್ನು ತಾನೇ ಹೊತ್ತುಕೊಂಡಿರುವುದರಿಂದ ಯಂತ್ರಕ್ಕೆ ಉಳಿಯುವುದು ಅತ್ಯಲ್ಪ. ಅದರ ಬೆಲೆಯನ್ನು ಜಾಗದಲ್ಲಿ ತೆರಬೇಕು: ಸಾವಿರವನ್ನು ಬರೆಯಲು ಸಾವಿರ ಚೌಕಗಳು ಬೇಕು. ಅದೇ ಸಾವಿರ 0 ಮತ್ತು 1 ಎಂಬ ಎರಡೇ ಅಂಕಿಗಳಿರುವ ದ್ವಿಮಾನ ಪದ್ಧತಿಯಲ್ಲಿ 1111101000 ಎಂದು ಹತ್ತೇ ಚೌಕಗಳಲ್ಲಿ ಅಡಗುತ್ತದೆ. ಆದರೆ ಬರವಣಿಗೆ ಹೀಗೆ ಚಿಕ್ಕದಾದ ಕೂಡಲೇ ಅಕ್ಕಪಕ್ಕದಲ್ಲಿಟ್ಟ ಎರಡು ಸಂಖ್ಯೆಗಳಲ್ಲಿ ಮೊತ್ತ ತಾನಾಗಿ ಕಾಣಿಸುವುದಿಲ್ಲ. ಈಗ ಯಂತ್ರ ನಿಜವಾಗಿಯೂ ದುಡಿಯಬೇಕು.

ಕೈಯಲ್ಲಿರುವ ಒಂದು

ದ್ವಿಮಾನ ಸಂಖ್ಯೆಗೆ ಒಂದನ್ನು ಕೂಡಿಸುವ ಯಂತ್ರ ನನಗೆ ಅತ್ಯಂತ ಪ್ರಿಯವಾದದ್ದು. ಹೆಡ್ ಬಲತುದಿಯ ಅಂಕಿಯ ಮೇಲೆ ನಿಂತಿದೆ ಎಂದುಕೊಳ್ಳೋಣ. 1 ಕಂಡರೆ ಅದನ್ನು 0 ಮಾಡಿ ಎಡಕ್ಕೆ ಸರಿಯಬೇಕು. 0 ಅಥವಾ ಖಾಲಿ ಚೌಕ ಕಂಡರೆ ಅಲ್ಲಿ 1 ಬರೆದು ನಿಲ್ಲಬೇಕು. 1011, ಅಂದರೆ ಹನ್ನೊಂದನ್ನು ಕೊಟ್ಟರೆ ಕೊನೆಯ ಎರಡು ಒಂದುಗಳು ಸೊನ್ನೆಗಳಾಗಿ, ಅವುಗಳ ಎಡಗಡೆಯ ಸೊನ್ನೆ ಒಂದಾಗಿ, 1100 ಎಂಬ ಹನ್ನೆರಡು ಸಿಗುತ್ತದೆ. ಇಡೀ ಕೆಲಸಕ್ಕೆ ಒಂದೇ ಸ್ಥಿತಿ ಸಾಕು.

ಶಾಲೆಯಲ್ಲಿ ದಶಕ ಸಹಿತ ಕೂಡುವ ಲೆಕ್ಕ ಮಾಡುವಾಗ ಮುಂದಿನ ಸ್ಥಾನಕ್ಕೆ ಒಯ್ಯಬೇಕಾದ ಒಂದನ್ನು, ಅಂದರೆ ಕ್ಯಾರಿಯನ್ನು, ಸಂಖ್ಯೆಯ ತಲೆಯ ಮೇಲೆ ಚಿಕ್ಕದಾಗಿ ಬರೆದುಕೊಳ್ಳುತ್ತೇವೆ. ಈ ಯಂತ್ರ ಅದನ್ನು ಎಲ್ಲಿಯೂ ಬರೆಯುವುದಿಲ್ಲ. ಇನ್ನೂ ನಿಂತಿಲ್ಲ ಎಂಬುದೇ ಅದರ ಕೈಯಲ್ಲಿ ಒಂದು ಇದೆ ಎಂಬುದರ ಗುರುತು. ಆ ಒಂದು ಖರ್ಚಾದ ಕ್ಷಣ ಯಂತ್ರ ನಿಲ್ಲುತ್ತದೆ. ಸ್ಥಿತಿ ಎಂದರೇನು ಎಂದು ಕೇಳಿದವರಿಗೆ ನಾನು ಈಗ ಕೊಡುವ ಉತ್ತರ ಇದೇ: ಟೇಪಿನ ಮೇಲೆ ಇಲ್ಲದಿದ್ದರೂ ಲೆಕ್ಕ ಸರಿಯಾಗಿ ಮುಂದುವರಿಯಲು ಅಗತ್ಯವಾದ ಸಂಗತಿ. (ಸೊನ್ನೆಯಿಂದ ಸಾವಿರದವರೆಗೆ ಹೀಗೆ ಒಂದೊಂದಾಗಿ ಏರಿಸುತ್ತ ಹೋದರೆ ಒಟ್ಟು 1994 ಅಂಕಿಗಳು ಬದಲಾಗುತ್ತವೆ. ಒಮ್ಮೊಮ್ಮೆ ಉದ್ದಕ್ಕೂ ಸಾಗುವ ಕ್ಯಾರಿಗಳಿದ್ದರೂ ಸರಾಸರಿ ಒಂದು ಸಲಕ್ಕೆ ಎರಡು ಅಂಕಿಗಳೂ ಬದಲಾಗುವುದಿಲ್ಲ.)

ಎರಡು ದ್ವಿಮಾನ ಸಂಖ್ಯೆಗಳನ್ನು ಕೂಡಿಸಲು ಎರಡು ದಾರಿಗಳಿವೆ. ಮೊದಲನೆಯದರಲ್ಲಿ ಒಂದು ಸಂಖ್ಯೆಯಿಂದ ಒಂದನ್ನು ಕಳೆದು ಇನ್ನೊಂದಕ್ಕೆ ಒಂದನ್ನು ಸೇರಿಸಬೇಕು, ಮೊದಲನೆಯದು ಸೊನ್ನೆಯಾಗುವವರೆಗೆ ಇದನ್ನೇ ಮಾಡುತ್ತಿರಬೇಕು. ಇದು ಸರಿಯಾದ ವಿಧಾನವೇ, ಆದರೆ ಹತ್ತು ಅಂಕಿಗಳ ಸಾವಿರಕ್ಕೆ ಸಾವಿರ ಸುತ್ತುಗಳಾಗುತ್ತವೆ. ಎರಡನೆಯ ದಾರಿ ನಾವು ಕಾಗದದ ಮೇಲೆ ಮಾಡುವಂಥದ್ದು: ಮೊದಲ ಸಂಖ್ಯೆಯ ಕೊನೆಯ ಅಂಕಿಯನ್ನು ಓದಿ, ಅದಕ್ಕೆ ಗುರುತು ಹಾಕಿ, ಆ ಅಂಕಿಯನ್ನು ಸ್ಥಿತಿಯ ರೂಪದಲ್ಲಿ ಹೊತ್ತು ಎರಡನೆಯ ಸಂಖ್ಯೆಯವರೆಗೆ ನಡೆದು, ಅಲ್ಲಿನ ಅಂಕಿಯೊಂದಿಗೆ ಸೇರಿಸಿ, ಕ್ಯಾರಿ ಇದೆಯೋ ಇಲ್ಲವೋ ಎಂಬುದನ್ನು ಮತ್ತೆ ಸ್ಥಿತಿಯಲ್ಲಿಯೇ ಇಟ್ಟುಕೊಂಡು ಹಿಂತಿರುಗಬೇಕು. ಹತ್ತು ಅಂಕಿಗಳಿಗೆ ಹತ್ತು ಓಡಾಟಗಳು. ಸಾವಿರ ಅಂಕಿಗಳ ಸಂಖ್ಯೆಗೂ ಇದೇ ಕೋಷ್ಟಕ ಸಾಕು, ಒಂದು ನಿಯಮವನ್ನೂ ಹೊಸದಾಗಿ ಸೇರಿಸಬೇಕಿಲ್ಲ. ಏಕೆಂದರೆ ಒಯ್ಯುತ್ತಿರುವ ಅಂಕಿ 0 ಅಥವಾ 1, ಕ್ಯಾರಿ 0 ಅಥವಾ 1. ನೆನಪಿನಲ್ಲಿಡಬೇಕಾದ ಬೇರೆ ಯಾವುದೂ ಎಂದಿಗೂ ಇರುವುದಿಲ್ಲ.

ಸಂಕಲನದ ಈ ಗುಣವನ್ನು ನಾವು ಗಮನಿಸದೆ ಹೋಗುವುದು ಅದು ತೀರ ಪರಿಚಿತವಾಗಿರುವುದರಿಂದ. ಎರಡು ಸಂಖ್ಯೆಗಳ ಅಂಕಿಗಳನ್ನು ಜೋಡಿಜೋಡಿಯಾಗಿ ಒಂದೊಂದೇ ಚೌಕದಲ್ಲಿ ಬರೆದಿಟ್ಟರೆ, ಬಲದಿಂದ ಎಡಕ್ಕೆ ಒಮ್ಮೆ ಮಾತ್ರ ನಡೆಯುವ, ಹಿಂತಿರುಗಿ ನೋಡದ ಯಂತ್ರವೊಂದು ಕೇವಲ ಎರಡು ಸ್ಥಿತಿಗಳಲ್ಲಿ, ‘ಕ್ಯಾರಿ ಇದೆ’ ಮತ್ತು ‘ಕ್ಯಾರಿ ಇಲ್ಲ’ ಎಂಬ ಎರಡರಲ್ಲಿ, ಎಷ್ಟೇ ಉದ್ದದ ಸಂಖ್ಯೆಗಳನ್ನಾದರೂ ಕೂಡಿಸಬಲ್ಲದು. ಗುಣಾಕಾರವನ್ನು ಹೀಗೆ ಮಾಡಲು ಸಾಧ್ಯವೇ ಇಲ್ಲ, ಸ್ಥಿತಿಗಳು ನೂರಿರಲಿ ಲಕ್ಷವಿರಲಿ. ಕಾರಣವನ್ನು ನೋಡೋಣ. ಒಂದರ ಮುಂದೆ ಬಹಳಷ್ಟು ಸೊನ್ನೆಗಳಿರುವ ದ್ವಿಮಾನ ಸಂಖ್ಯೆಯನ್ನು ಅದರಿಂದಲೇ ಗುಣಿಸಬೇಕಾಗಿದೆ ಎಂದುಕೊಳ್ಳಿ. ಯಂತ್ರ ಸೊನ್ನೆಗಳನ್ನೆಲ್ಲ ದಾಟಿ ಕೊನೆಯಲ್ಲಿ ಆ ಒಂದನ್ನು ಓದುತ್ತದೆ. ಓದಲು ಇನ್ನೇನೂ ಉಳಿದಿಲ್ಲ. ಆದರೆ ಗುಣಲಬ್ಧದಲ್ಲಿ ಸೊನ್ನೆಗಳು ಎರಡರಷ್ಟು ಇರಬೇಕಾದ್ದರಿಂದ ಇನ್ನೂ ಸುಮಾರು ಅಷ್ಟೇ ಸೊನ್ನೆಗಳನ್ನು ಬರೆದು, ಸರಿಯಾದ ಸ್ಥಾನದಲ್ಲಿ ಒಂದನ್ನು ಬರೆಯಬೇಕು. ಬರೆಯಬೇಕಾದ ಸೊನ್ನೆಗಳು ಸ್ಥಿತಿಗಳ ಸಂಖ್ಯೆಗಿಂತ ಹೆಚ್ಚಾಗಿದ್ದರೆ ಯಂತ್ರ ಎಲ್ಲಿಯೋ ಒಂದು ಕಡೆ ಹಿಂದೆ ಇದ್ದ ಸ್ಥಿತಿಗೇ ಮರಳಿ ಬರುತ್ತದೆ. ಎದುರಿಗೆ ಬರಿಯ ಖಾಲಿ ಚೌಕಗಳಿರುವುದರಿಂದ ಅಲ್ಲಿಂದ ಮುಂದೆ ಅದೇ ಸುತ್ತು, ಮತ್ತೆ ಸೊನ್ನೆ, ಮತ್ತೆ ಸೊನ್ನೆ. ಆ ಒಂದು ಎಂದಿಗೂ ಬರುವುದಿಲ್ಲ. ಸಂಕಲನಕ್ಕೂ ಗುಣಾಕಾರಕ್ಕೂ ಇರುವ ಅಂತರ ಶ್ರಮದ ಪ್ರಮಾಣದಲ್ಲಿ ಮಾತ್ರ ಇದೆ ಎಂದು ತಿಳಿದವರಿಗೆ ಈ ವಾದವನ್ನು ನಿಧಾನವಾಗಿ ಮತ್ತೊಮ್ಮೆ ಓದಿ ಎಂದು ಕೇಳಿಕೊಳ್ಳುತ್ತೇನೆ.

ಬಿಟ್ಟುಹೋಗುವ ಚೀಟಿ

ಹಾಗಿದ್ದರೆ ಸೀಮಿತ ಸ್ಥಿತಿಗಳ ಯಂತ್ರ ಗುಣಿಸುವುದು ಹೇಗೆ? ಹಿಂತಿರುಗಿ ಬಂದು, ಟೇಪಿನ ಮೇಲೆ ಗುರುತುಗಳನ್ನು ಬಿಡುವುದರ ಮೂಲಕ. ಈ ಯಂತ್ರವನ್ನು ಅರ್ಥ ಮಾಡಿಕೊಳ್ಳಲು ನಾನು ಒಂದು ಸಂಜೆ ಚೌಕುಳಿ ಕಾಗದದ ಮೇಲೆ ಪೆನ್ಸಿಲಿನಲ್ಲಿ ಮೂರು ಗೀಟು, ಒಂದು ಖಾಲಿ ಚೌಕ, ಎರಡು ಗೀಟು ಬರೆದುಕೊಂಡು ಕುಳಿತೆ. ನಿಯಮ ಮೇಲ್ನೋಟಕ್ಕೆ ಸರಳ. ಎಡಗಡೆಯ ಸಂಖ್ಯೆಯಿಂದ ಒಂದು ಗೀಟನ್ನು ಅಳಿಸು. ಬಲಗಡೆಯ ಸಂಖ್ಯೆಯ ಮೊದಲ ಗೀಟನ್ನು × ಎಂದು ತಿದ್ದು, ಅದರಾಚೆಯ ಖಾಲಿ ಚೌಕವನ್ನು ದಾಟಿ ಟೇಪಿನ ಕೊನೆಗೆ ಹೋಗಿ ಒಂದು ಗೀಟು ಬರೆ, ಹಿಂತಿರುಗಿ ಬಂದು ಮುಂದಿನ ಗೀಟನ್ನು × ಮಾಡು, ಮತ್ತೆ ಕೊನೆಗೆ ಹೋಗು. ಗೀಟುಗಳೆಲ್ಲ × ಆದ ಮೇಲೆ ಅವನ್ನು ಮತ್ತೆ ಗೀಟುಗಳನ್ನಾಗಿ ತಿದ್ದಿ ಎಡಕ್ಕೆ ಹೋಗು. ಮೊದಲ ಸುತ್ತು ಮುಗಿದಾಗ ಕಾಗದದ ಮೇಲೆ ಇದ್ದದ್ದು ಇದು:

_ | | _ | | _ | |

ಪೆನ್ಸಿಲಿನ ತುದಿ ಹಿಂದಕ್ಕೂ ಮುಂದಕ್ಕೂ ಸಾಗುತ್ತಿತ್ತು, ಅಳಿಸಿ ಬರೆದ ಚೌಕಗಳು ಮಾಸುತ್ತ ಹೋದವು. ನಡುವೆ ಯಾರೋ ಕರೆದರೆಂದು ಎದ್ದು ಹೋಗಿ, ಸಾಕಷ್ಟು ಹೊತ್ತಿನ ನಂತರ ಬಂದು ಕುಳಿತೆ. ಎಲ್ಲಿದ್ದೆ ಎಂದು ನೆನಪು ಮಾಡಿಕೊಳ್ಳುವ ಅಗತ್ಯವೇ ಬೀಳಲಿಲ್ಲ. ಎಷ್ಟು ಸುತ್ತುಗಳು ಉಳಿದಿವೆ ಎಂಬುದನ್ನು ಎಡಗಡೆಯ ಗೀಟುಗಳು ಹೇಳುತ್ತಿದ್ದವು. ಈ ಸುತ್ತಿನಲ್ಲಿ ಎಷ್ಟು ನಕಲಾಗಿದೆ ಎಂಬುದನ್ನು × ಗುರುತುಗಳು ಹೇಳುತ್ತಿದ್ದವು. ಪೆನ್ಸಿಲಿನ ತುದಿ ಯಾವ ಚೌಕದ ಮೇಲಿತ್ತು ಮತ್ತು ಯಾವ ನಿಯಮದಲ್ಲಿತ್ತು ಎಂಬುದನ್ನು ಏಳುವ ಮುನ್ನ ಅಂಚಿನಲ್ಲಿ ಬರೆದಿಟ್ಟಿದ್ದೆ. ನಾನೇ ಬರಬೇಕೆಂದೂ ಇರಲಿಲ್ಲ. ಕೋಷ್ಟಕವನ್ನು ಓದಬಲ್ಲ ಯಾರೇ ಬಂದು ಕುಳಿತಿದ್ದರೂ, ಗುಣಾಕಾರ ಎಂದರೇನೆಂದು ತಿಳಿಯದವರಾಗಿದ್ದರೂ, ಆ ಲೆಕ್ಕ ಆರು ಗೀಟುಗಳಲ್ಲಿಯೇ ಮುಗಿಯುತ್ತಿತ್ತು.

ಈ ಯಂತ್ರಗಳನ್ನು ಕಲ್ಪಿಸಿದ ಗಣಿತಜ್ಞ ಅಲನ್ ಟ್ಯೂರಿಂಗ್ 1936ರಲ್ಲಿ, ತಮ್ಮ 23ನೆಯ ವಯಸ್ಸಿನಲ್ಲಿ ಬರೆದ ಪ್ರಬಂಧದಲ್ಲಿ ಇದೇ ವಾದ ಇದೆ ಎಂಬುದು ಆ ಕಾಗದವನ್ನು ನೋಡುತ್ತಿರುವಾಗ ನನಗೆ ಹೊಸದಾಗಿ ಅರ್ಥವಾಯಿತು. ಅವರು ಯಂತ್ರದಿಂದ ಆರಂಭಿಸಿ ಮನುಷ್ಯನ ಕಡೆಗೆ ಬಂದವರಲ್ಲ; ಮಕ್ಕಳ ಲೆಕ್ಕದ ಪುಸ್ತಕದಂತೆ ಚೌಕಗಳಿರುವ ಕಾಗದದ ಮುಂದೆ ಕುಳಿತು ಲೆಕ್ಕ ಮಾಡುವ ಮನುಷ್ಯನನ್ನು ಗಮನಿಸಿ, ಅವನು ಒಂದು ಸಲಕ್ಕೆ ಕಾಣಬಲ್ಲ ಚಿಹ್ನೆಗಳಿಗೂ ಅವನ ಮನಸ್ಸಿನ ಸ್ಥಿತಿಗಳಿಗೂ ಮಿತಿ ಇದೆ ಎಂದು ಹೇಳಿ, ಆ ಮಿತಿಗಳನ್ನೇ ಯಂತ್ರವನ್ನಾಗಿ ಮಾಡಿದವರು. ಮನಸ್ಸಿನ ಸ್ಥಿತಿ ಎಂಬ ಮಾತು ಅಸ್ಪಷ್ಟ ಎನಿಸುವವರಿಗಾಗಿ ಇನ್ನೊಂದು ದಾರಿಯನ್ನೂ ಅವರು ತೋರಿಸಿದರು: ಲೆಕ್ಕ ಮಾಡುವವನು ಪ್ರತಿ ಹೆಜ್ಜೆಯ ನಂತರವೂ ಎದ್ದು ಹೋಗಿ ಎಲ್ಲವನ್ನೂ ಮರೆತುಬಿಡಬಹುದು, ಮುಂದೇನು ಮಾಡಬೇಕೆಂಬ ಸೂಚನೆಯ ಚೀಟಿಯನ್ನು ಬಿಟ್ಟುಹೋದರೆ ಸಾಕು. ಆ ಪ್ರಬಂಧದ ಯಂತ್ರಗಳು ಎರಡು ಸಂಖ್ಯೆಗಳನ್ನು ಪಡೆದು ಕೂಡಿಸಿ ನಿಲ್ಲುವಂಥವಲ್ಲ ಎಂಬುದನ್ನೂ ಹೇಳಬೇಕು. ಅವು ಖಾಲಿ ಟೇಪಿನಿಂದ ಆರಂಭಿಸಿ ಒಂದು ಸಂಖ್ಯೆಯ ಅಂಕಿಗಳನ್ನು ಕೊನೆಯಿಲ್ಲದೆ ಬರೆಯುತ್ತ ಹೋಗುತ್ತವೆ. ಮೊದಲ ಉದಾಹರಣೆಯ ಯಂತ್ರ ಬರೆಯುವುದು 0, 1, 0, 1 ಎಂಬ ಸರಣಿಯನ್ನು. ಕೂಡಿಸಿ ನಿಲ್ಲುವ ಯಂತ್ರಗಳು ನಮ್ಮ ತರಗತಿಗಳಿಗೆ ಬಂದದ್ದು ನಂತರದ ಪಠ್ಯಪುಸ್ತಕಗಳಿಂದ.

ಸೊನ್ನೆಯಿಂದ ಭಾಗಿಸಿದಾಗ

ವ್ಯವಕಲನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡೂ ಸಂಖ್ಯೆಗಳಿಂದ ಒಂದೊಂದು ಗೀಟನ್ನು ಅಳಿಸುತ್ತ ಹೋಗಿ, ಕಳೆಯಬೇಕಾದ ಸಂಖ್ಯೆಯ ಗೀಟುಗಳು ಮುಗಿದಾಗ ನಿಂತರೆ ಆಯಿತು. ಭಾಗಾಕಾರ ಅದರ ಮೇಲೆ ನಿಂತಿದೆ. ಭಾಜಕದ ಪ್ರತಿ ಗೀಟಿಗೂ ಒಂದು × ಗುರುತು ಹಾಕಿ ಭಾಜ್ಯದಿಂದ ಒಂದು ಗೀಟು ಅಳಿಸಬೇಕು. ಭಾಜಕದ ಗೀಟುಗಳೆಲ್ಲ × ಆದಾಗ ಭಾಗಲಬ್ಧದ ಜಾಗದಲ್ಲಿ ಒಂದು ಗೀಟು ಬರೆದು, ಗುರುತುಗಳನ್ನು ತೆಗೆದು, ಮತ್ತೆ ಆರಂಭಿಸಬೇಕು. ಸುತ್ತಿನ ನಡುವೆ ಅಳಿಸಲು ಭಾಜ್ಯದಲ್ಲಿ ಗೀಟು ಸಿಗದಿದ್ದರೆ ನಿಲ್ಲಬೇಕು. ಆ ಸುತ್ತಿನಲ್ಲಿ ಅಳಿಸಿದಷ್ಟು ಶೇಷ.

ಈ ಯಂತ್ರಕ್ಕೆ ಭಾಜಕವಾಗಿ ಸೊನ್ನೆಯನ್ನು ಕೊಟ್ಟರೆ ಏನಾಗುತ್ತದೆ? ಭಾಜಕದಲ್ಲಿ ಗೀಟುಗಳೇ ಇಲ್ಲ, ಆದ್ದರಿಂದ ‘ಎಲ್ಲ ಗೀಟುಗಳೂ ×’ ಎಂಬ ಷರತ್ತು ಕೂಡಲೇ ಪೂರ್ಣವಾಗುತ್ತದೆ. ಭಾಗಲಬ್ಧಕ್ಕೆ ಒಂದು ಗೀಟು ಸೇರುತ್ತದೆ. ಮತ್ತೆ ಅದೇ, ಮತ್ತೊಂದು ಗೀಟು. ಭಾಜ್ಯದಿಂದ ಒಂದು ಗೀಟೂ ಕಡಿಮೆಯಾಗದೆ ಭಾಗಲಬ್ಧ ಬಲಗಡೆಗೆ ಬೆಳೆಯುತ್ತಲೇ ಹೋಗುತ್ತದೆ. ಸೊನ್ನೆಯಿಂದ ಭಾಗಿಸಬಾರದು ಎಂದು ಶಾಲೆಯಲ್ಲಿ ಕಲಿತ ನಿಷೇಧವನ್ನು ಈ ಕೋಷ್ಟಕದಲ್ಲಿ ಯಾರೂ ಬರೆದಿಲ್ಲ. ಆದರೂ ಅದು ಎಂದಿಗೂ ನಿಲ್ಲದ ಓಟದ ರೂಪದಲ್ಲಿ ತಾನಾಗಿ ಬಂದು ನಿಂತಿದೆ. ಮೊದಲೇ ಭಾಜಕವನ್ನು ಪರೀಕ್ಷಿಸುವ ಒಂದು ಸ್ಥಿತಿಯನ್ನು ಸೇರಿಸಿ ಇದನ್ನು ತಡೆಯಬಹುದು, ಏಕೆಂದರೆ ಇಲ್ಲಿ ತೊಂದರೆ ಎಲ್ಲಿಂದ ಬರುತ್ತದೆ ಎಂದು ನಮಗೆ ಗೊತ್ತಿದೆ. ಆದರೆ ಯಾವುದೇ ಯಂತ್ರವನ್ನು ಕೊಟ್ಟರೂ ಅದು ನಿಲ್ಲುತ್ತದೆಯೋ ಇಲ್ಲವೋ ಎಂದು ಹೇಳಿಬಿಡುವ ಒಂದೇ ಯಂತ್ರ ಇರಲಾರದು. 1936ರ ಪ್ರಬಂಧದ ತಿರುಳಾದ ಸಾಧನೆಯಿಂದಲೇ ಇದು ಹೊರಡುತ್ತದೆ.

ಯಾರೂ ಹೇಳಿಕೊಡದ ಲೆಕ್ಕ

ಈಗ ಆ ವಿದ್ಯಾರ್ಥಿನಿಯ ಆಕ್ಷೇಪಣೆಯನ್ನು ಅದರ ಪೂರ್ಣ ಬಲದಲ್ಲಿ ತೆಗೆದುಕೊಳ್ಳಬಹುದು. ಯಂತ್ರ ಕೂಡಿಸಿತು ಎನ್ನುವಾಗ ನಾವು ಯಾವುದೋ ಒಂದು ಹೆಜ್ಜೆಯ ಬಗ್ಗೆ ಮಾತನಾಡುತ್ತಿಲ್ಲ. ಒಂದು ಓಟದ ಬಗ್ಗೆಯೂ ಅಲ್ಲ. ಯಾವ ಎರಡು ಸಂಖ್ಯೆಗಳನ್ನು ಬರೆದಿಟ್ಟರೂ ನಿಂತಾಗ ಅವುಗಳ ಮೊತ್ತ ಇರುತ್ತದೆ ಎಂಬ ಭರವಸೆಯ ಬಗ್ಗೆ ಮಾತನಾಡುತ್ತಿದ್ದೇವೆ. ಆ ಭರವಸೆ ಟೇಪಿನ ಯಾವ ಚೌಕದಲ್ಲಿಯೂ ಇಲ್ಲ. ಅದು ಕೋಷ್ಟಕ ಮತ್ತು ಬರವಣಿಗೆಯ ನಡುವಿನ ಸಂಬಂಧ. ಆದರೆ ಎಣಿಸಿದ್ದು ನಾವು ಎಂದ ಮಾತ್ರಕ್ಕೆ ಆ ಸಂಬಂಧವನ್ನು ನಾವು ಹೊರಗಿನಿಂದ ಹೊದಿಸಿದೆವು ಎಂದು ಒಪ್ಪಲು ನಾನು ಸಿದ್ಧನಿಲ್ಲ. ಕಾರಣ ಐದು ಸ್ಥಿತಿಗಳ ಒಂದು ಯಂತ್ರ.

ಗಣಿತಜ್ಞ ಟಿಬೋರ್ ರಾಡೋ 1962ರಲ್ಲಿ ಒಂದು ಪ್ರಶ್ನೆ ಇಟ್ಟರು: ಇಷ್ಟು ಸ್ಥಿತಿಗಳಿರುವ, ಖಾಲಿ ಟೇಪಿನಿಂದ ಆರಂಭಿಸಿ ಕೊನೆಗೊಮ್ಮೆ ನಿಲ್ಲುವ ಯಂತ್ರಗಳಲ್ಲಿ ಅತಿ ಹೆಚ್ಚು ಹೊತ್ತು ಓಡುವುದು ಯಾವುದು? ಎರಡು ಚಿಹ್ನೆಗಳು, ಐದು ಸ್ಥಿತಿಗಳ ಗುಂಪಿನಲ್ಲಿ 1989ರಲ್ಲಿ ಹೈನರ್ ಮಾರ್ಕ್ಸೆನ್ ಮತ್ತು ಯೂರ್ಗೆನ್ ಬುಂಟ್ರೋಕ್ ಕಂಡುಹಿಡಿದ ಯಂತ್ರ 4,71,76,870 ಹೆಜ್ಜೆಗಳ ನಂತರ ನಿಲ್ಲುತ್ತದೆ. ಅದಕ್ಕಿಂತ ಹೆಚ್ಚು ಓಡಿ ನಿಲ್ಲುವುದು ಆ ಗುಂಪಿನಲ್ಲಿ ಯಾವುದೂ ಇಲ್ಲ ಎಂಬುದು 2024ರಲ್ಲಿ ಸಿದ್ಧವಾಯಿತು. ಈ ಯಂತ್ರವನ್ನು ಲೆಕ್ಕ ಮಾಡಲಿ ಎಂದು ಯಾರೂ ಕಟ್ಟಲಿಲ್ಲ, ಅಸಂಖ್ಯ ಕೋಷ್ಟಕಗಳ ನಡುವೆ ಹುಡುಕಿ ಹೊರತೆಗೆದರು. ಆದರೆ ಅದರ ಓಟವನ್ನು ಬಿಡಿಸಿ ನೋಡಿದಾಗ ಒಳಗಿದ್ದದ್ದು ಅಂಕಗಣಿತ. ಟೇಪಿನ ಜೋಡಣೆಯನ್ನು ಒಂದು ಸಂಖ್ಯೆಯಾಗಿ ಓದಿದರೆ, ಯಂತ್ರ ಅದನ್ನು 3ರಿಂದ ಭಾಗಿಸುತ್ತದೆ. ಶೇಷ 0 ಆದರೆ ಭಾಗಲಬ್ಧವನ್ನು 5ರಿಂದ ಗುಣಿಸಿ 6 ಕೂಡಿಸುತ್ತದೆ. ಶೇಷ 1 ಆದರೆ 5ರಿಂದ ಗುಣಿಸಿ 9 ಕೂಡಿಸುತ್ತದೆ. ಶೇಷ 2 ಆದರೆ ನಿಲ್ಲುತ್ತದೆ. ಸೊನ್ನೆಯಿಂದ ಹೊರಟರೆ 6, 16, 34, 64, 114, 196, 334, 564, 946, 1584, 2646, 4416, 7366, 12284. ಕೊನೆಯದನ್ನು 3ರಿಂದ ಭಾಗಿಸಿದರೆ ಶೇಷ 2. ಈ ಸರಣಿಯನ್ನು ಓದುಗರು ಕೈಯಲ್ಲೇ ಪರೀಕ್ಷಿಸಬಹುದು. ಇಲ್ಲಿ ಭಾಗಾಕಾರ ನಮ್ಮ ಉದ್ದೇಶದಿಂದ ಬಂದದ್ದಲ್ಲ, ನಾವು ಎಣಿಸಿದ್ದರಿಂದ ಹುಟ್ಟಿದ್ದೂ ಅಲ್ಲ. ಯಂತ್ರ ಏಕೆ ಅಷ್ಟು ಹೊತ್ತು ಓಡಿತು, ಏಕೆ ಅಲ್ಲಿಯೇ ನಿಂತಿತು ಎಂಬುದನ್ನು ಅರ್ಥ ಮಾಡಿಕೊಳ್ಳಲು ಅದನ್ನು ಕಂಡುಕೊಳ್ಳಬೇಕಾಯಿತು.

ಆರು ಸ್ಥಿತಿಗಳ ಗುಂಪಿನಲ್ಲಿ ಆಂಟಿಹೈಡ್ರಾ ಎಂದು ಕರೆಯುವ ಒಂದು ಯಂತ್ರವಿದೆ. ಅದರ ಲೆಕ್ಕ ಇನ್ನೂ ಸರಳ: 8ರಿಂದ ಆರಂಭಿಸಿ, ಪ್ರತಿ ಸಲವೂ ಸಂಖ್ಯೆಯನ್ನು ಒಂದೂವರೆಯಷ್ಟು ಮಾಡಿ, ಅರ್ಧ ಉಳಿದರೆ ಬಿಟ್ಟುಬಿಡಬೇಕು. 8, 12, 18, 27, 40, 60, 90, 135, 202 ಎಂದು ಸರಣಿ ಸಾಗುತ್ತದೆ. ಈವರೆಗೆ ಬಂದ ಬೆಸ ಸಂಖ್ಯೆಗಳ ಎಣಿಕೆ ಸಮ ಸಂಖ್ಯೆಗಳ ಎಣಿಕೆಯ ಎರಡರಷ್ಟನ್ನು ಎಂದಾದರೂ ಮೀರಿದರೆ ಯಂತ್ರ ನಿಲ್ಲುತ್ತದೆ. ಸಮ ಮತ್ತು ಬೆಸ ಹೆಚ್ಚುಕಡಿಮೆ ಸರಿಸಮವಾಗಿ ಬರುತ್ತಿರುವಂತೆ ಕಾಣುವುದರಿಂದ ಅದು ನಿಲ್ಲಲಾರದು ಎಂಬುದೇ ಇದನ್ನು ಅಭ್ಯಾಸ ಮಾಡುವವರ ನಿರೀಕ್ಷೆ. ಆದರೆ ಹಾಗೆಂದು ಸಾಧಿಸಲು ಬೇಕಾದ ಗಣಿತ ಈವರೆಗೆ ಯಾರ ಬಳಿಯೂ ಇಲ್ಲ.